ಹೃದಯವು ಬರೆದ ಸಾಕ್ಷಿ

ನಮ್ಮ ಸೋದರಮಾವನವರು ಗಟ್ಟಿಮುಟ್ಟಾದ ಆಳೆಂದು ಊರಿಗೆಲ್ಲ ಹೆಸರಾಗಿದ್ದವರು. ಒಂದು ಯುಗಾದಿಯ ಮಧ್ಯಾಹ್ನ ಹೋಳಿಗೆಯ ಊಟವನ್ನು ತೃಪ್ತಿಯಾಗಿ ಮುಗಿಸಿ, ಎಲೆಯಡಿಕೆಯ ತಟ್ಟೆಯ ಮುಂದೆ ಕುಳಿತಿದ್ದಾಗ, ಎದೆಯ ಕೆಳಭಾಗದಲ್ಲಿ ಏನೋ ಹಿಂಡಿದಂತಾಗುತ್ತದೆ ಎಂದರು. ಹಣೆಯಲ್ಲಿ ಬೆವರು ಮೂಡಿತು; ಓಕರಿಕೆ ಬಂದಿತು. "ಏನಿಲ್ಲ ಕಣೇ, ಹೋಳಿಗೆ ಒಂದು ಹೆಚ್ಚಾಯಿತು, ವಾಯು ತುಂಬಿಕೊಂಡಿದೆ" ಎಂದು ತಾವೇ ತೀರ್ಪು ಹೇಳಿ ಮಲಗಿದರು. ಅತ್ತೆಯವರು ಓಮದ ಕಷಾಯ ಮಾಡಿಕೊಟ್ಟರು. ಅಂಗಡಿಯಿಂದ ಸೋಡಾ ತರಿಸಿದರು. ಹೊಟ್ಟೆಗೆ ಬಿಸಿ ಶಾಖ ಕೊಟ್ಟರು. ರಾತ್ರಿ ನೋವು ತುಸು ಇಳಿದಂತೆ ಕಂಡಿತು. ಮರುದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾವನವರು ಇರಲಿಲ್ಲ. ಅತ್ತೆಯವರು ಆಮೇಲೆ ತಾವು ಬದುಕಿದ್ದಷ್ಟು ಕಾಲವೂ ಹೋಳಿಗೆಯ ಕಣಕವನ್ನು ಕೈಯಿಂದ ಮುಟ್ಟಲಿಲ್ಲ.

ಇಂತಹ ಕಥೆ ನಮ್ಮ ಮನೆಯೊಂದರದೇ ಅಲ್ಲ. ವಾಚಕರಲ್ಲಿ ಅನೇಕರು ತಮ್ಮ ಬಂಧುಬಳಗದಲ್ಲಿಯೂ ಇದನ್ನು ಕಂಡಿರಬಹುದು. ಸಮುದ್ರದಾಚೆ, ಅಮೆರಿಕದ ಚಿಕಾಗೊ ನಗರದಲ್ಲಿ, ಇದೇ ಬಗೆಯ ರೋಗಿಯೊಬ್ಬನ ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರೊಬ್ಬರು, ಇದು ಹೊಟ್ಟೆಯ ರೋಗವಲ್ಲ, ಹೃದಯದ ರೋಗ ಎಂದು ನಿರ್ಣಯಿಸಿ, ಅದನ್ನು ಲೋಕಕ್ಕೆ ತಿಳಿಸಲು ಹೊರಟರು. ಲೋಕವು ಅವರ ಮಾತಿಗೆ ಕಿವಿಗೊಡಲು ಆರು ವರ್ಷಗಳು ಬೇಕಾದುವು. ಆ ಮಹನೀಯರ ಹೆಸರು ಜೇಮ್ಸ್ ಬ್ರಯನ್ ಹೆರಿಕ್. ಅವರ ಮಾತಿಗೆ ಕೊನೆಗೆ ಸಾಕ್ಷಿ ನುಡಿದುದು ಒಂದು ಕೂದಲಿಗಿಂತ ತೆಳುವಾದ ಎಳೆ. ಆ ಎರಡರ ವೃತ್ತಾಂತವನ್ನು ಇಲ್ಲಿ ಹೇಳಲು ಬಯಸುತ್ತೇವೆ.

ಮೊದಲು ಹೃದಯದ ವಿಚಾರವಾಗಿ ಎರಡು ಮಾತು. ಮುಷ್ಟಿಯಷ್ಟು ಗಾತ್ರದ ಈ ಮಾಂಸದ ಚೀಲವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಮಿಡಿದು, ದೇಹದ ಮೂಲೆಮೂಲೆಗೂ ರಕ್ತವನ್ನು ಕಳುಹಿಸುತ್ತದೆ. ಆದರೆ ತನ್ನೊಳಗೆ ಸದಾ ತುಂಬಿ ಹರಿಯುವ ಆ ರಕ್ತದಿಂದ ಅದು ತನ್ನ ಹಸಿವನ್ನು ತೀರಿಸಿಕೊಳ್ಳಲಾರದು. ಬಡಿಸುವವಳಿಗೂ ಬೇರೆ ಎಲೆ ಬೇಕಲ್ಲವೆ? ಅದರಂತೆ ಹೃದಯದ ಮಾಂಸಕ್ಕೆ ಆಹಾರ ಒದಗಿಸಲು ಎರಡು ಸಣ್ಣ ಧಮನಿಗಳು ಪ್ರತ್ಯೇಕವಾಗಿ ಹುಟ್ಟಿ, ಅದರ ನೆತ್ತಿಯ ಸುತ್ತ ಕಿರೀಟದಂತೆ ಬಳಸಿ, ಕವಲೊಡೆದು ಇಳಿಯುತ್ತವೆ. ಆದ್ದರಿಂದಲೇ ಅವಕ್ಕೆ ಕಿರೀಟಧಮನಿಗಳೆಂಬ ಹೆಸರು. ವಯಸ್ಸು, ಹೊಗೆಸೊಪ್ಪು, ಸಿಹಿಮೂತ್ರ, ರಕ್ತದ ಒತ್ತಡ, ರಕ್ತದಲ್ಲಿನ ಕೊಬ್ಬು, ಮನೆತನದ ವಾರಸೆ ಇವುಗಳ ದೆಸೆಯಿಂದ ಆ ಧಮನಿಗಳ ಒಳಗೋಡೆಯಲ್ಲಿ ಕೊಬ್ಬಿನ ಗಂಟುಗಳು ಬೆಳೆಯುತ್ತವೆ. ದಾರಿ ಕಿರಿದಾದಾಗ, ಏರುದಾರಿ ನಡೆದರೆ ಎದೆ ಬಿಗಿಯುವುದು, ನಿಂತರೆ ಬಿಡುವುದು, ಇದು ಹೃಚ್ಛೂಲೆ. ಇಂಗ್ಲೆಂಡಿನ ವಿಲಿಯಂ ಹೆಬರ್ಡೆನ್ ಎಂಬ ವೈದ್ಯರು 1768ರಲ್ಲಿಯೇ ಇದನ್ನು ಚೆನ್ನಾಗಿ ವರ್ಣಿಸಿದ್ದರು. ಆದರೆ ಒಂದು ದಿನ ಆ ಗಂಟಿನ ಮೇಲ್ಪದರ ಬಿರಿದು, ಅಲ್ಲಿ ರಕ್ತವು ಹೆಪ್ಪುಗಟ್ಟಿ, ದಾರಿ ಪೂರ್ತಿಯಾಗಿ ಮುಚ್ಚಿಹೋದರೆ ಏನು ಗತಿ?

ಹತ್ತೊಂಬತ್ತನೆಯ ಶತಮಾನದ ಪಂಡಿತರ ಉತ್ತರ ಒಂದೇ ಆಗಿತ್ತು: ಮರಣ, ಅದೂ ತತ್‌ಕ್ಷಣವೇ. ನಾಯಿಗಳ ಕಿರೀಟಧಮನಿಗೆ ದಾರ ಬಿಗಿದು ನೋಡಿದ ಕೆಲವರು, ಹೃದಯವು ನಿಮಿಷಗಳೊಳಗೆ ನಿಂತುಹೋದುದನ್ನು ಕಂಡಿದ್ದರು. ಕಿರೀಟಧಮನಿಗಳು ಒಂದಕ್ಕೊಂದು ಕೂಡದ ಕುರುಡುಗಾಲುವೆಗಳೆಂದು ಪಾಠವಾಗುತ್ತಿತ್ತು. ಹೀಗಾಗಿ ಈ ರೋಗವು ಶವಪರೀಕ್ಷೆಯ ಮೇಜಿನ ಮೇಲೆ ಮಾತ್ರ ಗೊತ್ತಾಗುವಂತಹದು, ಜೀವಂತ ರೋಗಿಯಲ್ಲಿ ಹುಡುಕುವ ಪ್ರಶ್ನೆಯೇ ಇಲ್ಲ ಎಂಬುದು ಸರ್ವಸಮ್ಮತವಾದ ಅಭಿಪ್ರಾಯವಾಗಿತ್ತು. ಆದುದರಿಂದ ಧಮನಿ ಮುಚ್ಚಿಯೂ ಒಂದು ದಿನ, ಎರಡು ದಿನ, ಒಂದು ವಾರ ಬದುಕಿದ್ದವರ ಗತಿಯೇನು? ಅವರಿಗೆ ಅಜೀರ್ಣವೆಂದೋ, ಪಿತ್ತಕೋಶದ ಕಲ್ಲೆಂದೋ, ವಿಷಾಹಾರವೆಂದೋ ಬೇರೆ ಹೆಸರಿನ ಚೀಟಿ ಅಂಟಿಸಲಾಗುತ್ತಿತ್ತು.

ಹೆರಿಕ್ಕರು 1861ರಲ್ಲಿ ಚಿಕಾಗೊ ಬಳಿಯ ಓಕ್ ಪಾರ್ಕಿನಲ್ಲಿ ಹುಟ್ಟಿದವರು. ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಕೆಲಕಾಲ ಶಾಲೆಯ ಉಪಾಧ್ಯಾಯರಾಗಿದ್ದು, ತರುವಾಯ ವೈದ್ಯವನ್ನು ಕಲಿತು, 1888ರಲ್ಲಿ ರಷ್ ವೈದ್ಯಕೀಯ ಕಾಲೇಜಿನಿಂದ ಹೊರಬಂದರು. ಬಡವರು ಸೇರುತ್ತಿದ್ದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಅವರ ಕೈ ಪಳಗಿತು. ಸಾಹಿತ್ಯದಲ್ಲಿ ಅವರಿಗಿದ್ದ ಪ್ರೀತಿ ಕೊನೆಯವರೆಗೂ ಬಿಡಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ತಾವು ಚಾಸರ್ ಕವಿಯನ್ನು ಏಕೆ ಓದುತ್ತೇವೆಂಬುದನ್ನು ಕುರಿತು ಒಂದು ಪ್ರಬಂಧವನ್ನೇ ಬರೆದರು. 1910ರಲ್ಲಿ, ರಕ್ತಹೀನತೆಯಿಂದ ಬಳಲುತ್ತಿದ್ದ ತರುಣನೊಬ್ಬನ ರಕ್ತಕಣಗಳು ಕುಡುಗೋಲಿನಂತೆ ಬಾಗಿರುವುದನ್ನು ವೈದ್ಯಲೋಕಕ್ಕೆ ಮೊದಲು ವರ್ಣಿಸಿದವರೂ ಇವರೇ. ಇಂದು ಸಿಕಲ್ ಸೆಲ್ ಎಂದು ಹೆಸರಾಗಿರುವ ರೋಗ ಅದು.

ಇನ್ನು ಆ ಪ್ರಸಿದ್ಧ ರೋಗಿಯ ವಿಚಾರ. ಆತನು 55 ವರ್ಷದವನು. ಆರೋಗ್ಯವಂತನೆಂದೇ ಎಲ್ಲರೂ ತಿಳಿದಿದ್ದರು. ಒಂದು ದಿನ ಊಟವಾಗಿ ಒಂದು ಗಂಟೆಯ ಮೇಲೆ ಎದೆಯ ಕೆಳಭಾಗದಲ್ಲಿ ಭಯಂಕರವಾದ ನೋವು ಕಾಣಿಸಿಕೊಂಡಿತು. ತಿಂದದ್ದು ಒಗ್ಗಲಿಲ್ಲವೆಂದು ಬಗೆದು, ಆತನು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಕೊಂಡನು. ನೋವು ಹೋಗಲಿಲ್ಲ. ಮೈ ತಣ್ಣಗಾಗಿತ್ತು, ನಾಡಿ ಸಣ್ಣಗೆ, ವೇಗವಾಗಿ ಓಡುತ್ತಿತ್ತು. ಕರೆಸಿದ ವೈದ್ಯರು ಹೊಟ್ಟೆಯನ್ನು ತೊಳೆದು, ನೋವಿಗೆ ಮಾರ್ಫಿಯಾ ಕೊಟ್ಟರು. ಹನ್ನೆರಡು ಗಂಟೆಗಳ ಮೇಲೆ ಹೆರಿಕ್ಕರು ಬಂದು ನೋಡಿದಾಗ ರೋಗಿಗೆ ಪೂರ್ಣವಾದ ಎಚ್ಚರವಿತ್ತು. ಹೃದಯದ ಸದ್ದು ಮಾತ್ರ ದೂರದಿಂದ ಕೇಳಿಬಂದಂತೆ ಕ್ಷೀಣವಾಗಿತ್ತು. ನೋವು ಹತ್ತಿದಂದಿನಿಂದ 52 ಗಂಟೆಗಳ ಕಾಲ ಆತನು ಬದುಕಿದ್ದನು. ಮರಣಾನಂತರ ತೆರೆದು ನೋಡಿದಾಗ, ಎಡ ಕಿರೀಟಧಮನಿಯಲ್ಲಿ ಹೊಸದಾಗಿ ಕಟ್ಟಿದ ರಕ್ತದ ಹೆಪ್ಪು ಕಂಡಿತು.

ವಾಚಕರು ಈ 52 ಗಂಟೆಗಳನ್ನು ಸ್ವಲ್ಪ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಧಮನಿ ಮುಚ್ಚಿದೊಡನೆಯೇ ಮರಣವೆಂಬ ಸಿದ್ಧಾಂತವು ನಿಜವಾಗಿದ್ದರೆ, ಆ ಗಂಟೆಗಳಿಗೆ ಅರ್ಥವೇನು? ಹೆರಿಕ್ಕರು ಈ ಪ್ರಶ್ನೆಯನ್ನು ಬಿಡದೆ ಹಿಡಿದರು. ಹಳೆಯ ವರದಿಗಳನ್ನು ಶೋಧಿಸಿದರು. ಅಂಗರಚನಾ ಪಂಡಿತರು ಕಿರೀಟಧಮನಿಗಳೊಳಗೆ ದ್ರವ ತುಂಬಿ ನೋಡಿದ ಪ್ರಯೋಗಗಳನ್ನು ಓದಿದರು. ಆ ಧಮನಿಗಳು ಕುರುಡುಗಾಲುವೆಗಳಲ್ಲ. ನಡುನಡುವೆ ಸಣ್ಣ ಸಣ್ಣ ಅಡ್ಡದಾರಿಗಳಿವೆ. ಒಂದು ಕಾಲುವೆ ಕಟ್ಟಿದರೆ ನೆರೆಯ ಕಾಲುವೆಯ ನೀರು ಗದ್ದೆಗೆ ತುಸುವಾದರೂ ಹರಿದು ಬರಬಹುದು ಎಂಬ ನಿರ್ಧಾರಕ್ಕೆ ಬಂದರು. ರಷ್ಯಾ ಸಾಮ್ರಾಜ್ಯದ ಕೀವ್ ನಗರದ ಒಬ್ರಾಜ್ತ್ಸೊವ್ ಮತ್ತು ಸ್ಟ್ರಾಜೆಸ್ಕೊ ಎಂಬ ವೈದ್ಯರು 1910ರಲ್ಲಿಯೇ ಇಂತಹ ರೋಗಿಗಳನ್ನು ವರ್ಣಿಸಿದ್ದರೆಂಬುದನ್ನೂ ಇಲ್ಲಿ ನೆನೆಯುವುದು ನ್ಯಾಯ.

1912ರಲ್ಲಿ ಹೆರಿಕ್ಕರು ಅಮೆರಿಕದ ಹಿರಿಯ ವೈದ್ಯರ ಸಭೆಯಲ್ಲಿ ತಮ್ಮ ಪ್ರಬಂಧವನ್ನು ಓದಿದರು. ಅದು ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕನ್ ವೈದ್ಯಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಈ ರೋಗಿಗಳನ್ನು ಅವರು ನಾಲ್ಕು ಬಗೆಯಾಗಿ ವಿಂಗಡಿಸಿದರು. ಮೊದಲನೆಯವರು ಕ್ಷಣದಲ್ಲಿಯೇ ಸಾಯುವವರು. ಎರಡನೆಯವರು ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳಲ್ಲಿ ಸಾಯುವವರು. ಮೂರನೆಯವರು ತೀವ್ರವಾದ ನೋವಿಗೆ ಒಳಗಾದರೂ ದಿನಗಳ, ತಿಂಗಳುಗಳ ಕಾಲ ಬದುಕುವವರು, ಅಥವಾ ಗುಣವನ್ನೇ ಹೊಂದುವವರು. ನಾಲ್ಕನೆಯವರು ಸಣ್ಣ ಕವಲೊಂದು ಮುಚ್ಚಿ, ಅಲ್ಪಸ್ವಲ್ಪ ನೋವಿನಲ್ಲಿಯೇ ದಾಟಿಹೋಗುವವರು. ಮೂರನೆಯ ಬಗೆಯವರನ್ನು ಅವರು ಜೀವವಿರುವಾಗಲೇ ಗುರುತಿಸಬೇಕು, ಹಾಸಿಗೆಯಿಂದ ಏಳಗೊಡದೆ ವಿಶ್ರಾಂತಿಯಲ್ಲಿಡಬೇಕು, ನೆರೆಯ ಧಮನಿಗಳು ಸಹಾಯಕ್ಕೆ ಬರಲು ಅವಕಾಶ ಕೊಡಬೇಕು ಎಂಬುದೇ ಆ ಪ್ರಬಂಧದ ಸಾರ. ಅಲ್ಲಿಯವರೆಗೆ ಮರಣದ ಇನ್ನೊಂದು ಹೆಸರಾಗಿದ್ದುದು, ಅಂದಿನಿಂದ ಒಂದು ರೋಗವಾಯಿತು. ರೋಗವಾದುದಕ್ಕೆ ಮದ್ದನ್ನು ಹುಡುಕಬಹುದಲ್ಲವೆ?

ಆದರೆ ಸಭೆಯಲ್ಲಿ ನಡೆದುದೇನು? ಪ್ರಬಂಧ ಮುಗಿಯಿತು, ಸಭಿಕರು ಸುಮ್ಮನೆ ಕುಳಿತರು. ಎದ್ದು ಮಾತನಾಡಿದವರು ಒಬ್ಬರೇ. ಅವರು ಅಂದು ಓದಿದ ಪ್ರಬಂಧಗಳಿಗೆಲ್ಲ ಎದ್ದು ಮಾತನಾಡಿದವರೆಂದು ಹೆರಿಕ್ಕರೇ ಮುಂದೆ ನಗುತ್ತ ಹೇಳಿಕೊಂಡಿದ್ದಾರೆ. ತಮ್ಮ ಕೈಯಲ್ಲಿ ಬೆಲೆಯುಳ್ಳ ವಸ್ತುವಿದೆಯೆಂದು ಬಲ್ಲ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇರೊಂದಿಲ್ಲ. ಅವರು ನೊಂದರು, ಆದರೆ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಸಂದರ್ಭ ದೊರೆತಲ್ಲೆಲ್ಲ ಅದನ್ನೇ ಮತ್ತೆ ಮತ್ತೆ ಹೇಳುತ್ತ ಬಂದರು. ಅವರಿಗೆ ಕೊರತೆಯಾಗಿದ್ದುದು ಸಾಕ್ಷಿ. ನಾಡಿ, ಬೆವರು, ನೋವು ಇವೆಲ್ಲ ವೈದ್ಯನ ಅನುಭವಕ್ಕೆ ಬಿಟ್ಟ ಮಾತುಗಳು. ಸಂದೇಹಪಡುವವನ ಮುಂದೆ ಹಿಡಿದು ತೋರಿಸಬಲ್ಲ ವಸ್ತುಗಳಲ್ಲ.

ಆ ಸಾಕ್ಷಿಯು ಆ ವೇಳೆಗೆ ಹಾಲೆಂಡಿನ ಲೈಡನ್ ನಗರದಲ್ಲಿ ಸಿದ್ಧವಾಗಿತ್ತು. ಸ್ನಾಯುವು ಕುಗ್ಗುವಾಗಲೆಲ್ಲ ಅದರಲ್ಲಿ ಕಿಂಚಿತ್ತು ವಿದ್ಯುತ್ತು ಹುಟ್ಟುತ್ತದೆ, ಹೃದಯವೂ ಸ್ನಾಯುವೇ. ಅದರ ವಿದ್ಯುತ್ತನ್ನು ಎದೆಯನ್ನು ಸೀಳದೆ, ಮೈಯ ಮೇಲಿನಿಂದಲೇ ಹಿಡಿಯಬಹುದೆಂದು ಲಂಡನ್ನಿನ ಆಗಸ್ಟಸ್ ವಾಲರ್ 1887ರಲ್ಲಿ ತೋರಿಸಿದ್ದರು. ಆದರೆ ಆ ವಿದ್ಯುತ್ತು ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣದು. ವಾಲರರ ಪಾದರಸದ ಉಪಕರಣಕ್ಕೆ ಅದರ ನಿಜವಾದ ಆಕಾರ ಸಿಕ್ಕುತ್ತಿರಲಿಲ್ಲ. ಜಾವಾ ದ್ವೀಪದ ಸೆಮರಾಂಗಿನಲ್ಲಿ 1860ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡು ತಾಯಿಯೊಡನೆ ಹಾಲೆಂಡಿಗೆ ಬಂದ ವಿಲ್ಲೆಮ್ ಐಂಥೋವೆನ್ನರು ಈ ಕೊರತೆಯನ್ನು ತುಂಬಿದರು. ಸ್ಫಟಿಕಶಿಲೆಯನ್ನು ಕರಗಿಸಿ, ಬಾಣದ ತುದಿಗೆ ತಗುಲಿಸಿ, ಬಿಲ್ಲಿನಿಂದ ಬಾಣವನ್ನು ಬಿಟ್ಟರೆ, ಅದರ ಹಿಂದೆ ಕಣ್ಣಿಗೆ ಕಾಣದಷ್ಟು ತೆಳುವಾದ ಎಳೆಯೊಂದು ಎಳೆದು ಬರುತ್ತದೆ. ಅದಕ್ಕೆ ಬೆಳ್ಳಿಯ ಲೇಪ ಕೊಟ್ಟು, ಬಲವಾದ ವಿದ್ಯುದಯಸ್ಕಾಂತದ ಎರಡು ಧ್ರುವಗಳ ನಡುವೆ ಬಿಗಿದರು. ಹೃದಯದ ವಿದ್ಯುತ್ತು ಹರಿದಾಗ ಎಳೆಯು ಅಲುಗುವುದು. ಅದರ ನೆರಳನ್ನು ಭೂತಗನ್ನಡಿಯಿಂದ ಹಿಗ್ಗಿಸಿ, ಚಲಿಸುವ ಫೋಟೋ ಗಾಜಿನ ಮೇಲೆ ಬೀಳಿಸಿದರೆ, ಹೃದಯವು ತನ್ನ ಕೈಬರಹದಲ್ಲಿಯೇ ತನ್ನ ಕಥೆಯನ್ನು ಬರೆಯುವುದು.

ಈ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕಾಗಿದ್ದರು. ರೋಗಿಯು ಎರಡು ಕೈಗಳನ್ನೂ ಒಂದು ಕಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿಕೊಂಡು ಕೂರಬೇಕಾಗಿತ್ತು. ಆ ಭಾರವನ್ನು ಆಸ್ಪತ್ರೆಗೆ ಸಾಗಿಸುವುದು ಸಾಧ್ಯವಿಲ್ಲದೆ, 1905ರಲ್ಲಿ ಐಂಥೋವೆನ್ನರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ತಮ್ಮ ಪ್ರಯೋಗಶಾಲೆಗೆ ತಂತಿಯ ಮೂಲಕವೇ ರೋಗಿಗಳ ಹೃದಯದ ಮಿಡಿತವನ್ನು ತರಿಸಿಕೊಂಡರು. ಬರಹದ ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಅವರು ಇಟ್ಟ ಅಕ್ಷರಗಳೇ ಇಂದಿಗೂ ಬಳಕೆಯಲ್ಲಿವೆ. 1924ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ನಾವು ಇಂದು ಇ.ಸಿ.ಜಿ. ಎಂದು ಕರೆಯುವುದು ಇದನ್ನೇ.

ಮೊದಮೊದಲು ವೈದ್ಯರು ಈ ಬರಹವನ್ನು ಹೃದಯದ ಲಯ ತಪ್ಪುವುದನ್ನು ತಿಳಿಯಲು ಮಾತ್ರ ಬಳಸುತ್ತಿದ್ದರು. ಅದು ಮುಚ್ಚಿದ ಧಮನಿಯ ಸುದ್ದಿಯನ್ನೂ ಹೇಳಬಹುದೆ? ಹೆರಿಕ್ಕರ ಕೈಕೆಳಗಿನ ತರುಣ ವೈದ್ಯ ಫ್ರೆಡ್ ಸ್ಮಿತ್ ಇದನ್ನು ಪರೀಕ್ಷಿಸಿದರು. ನಾಯಿಗಳ ಕಿರೀಟಧಮನಿಯ ಕವಲುಗಳನ್ನು ಕಟ್ಟಿ, ದಿನದಿನವೂ ವಿದ್ಯುಲ್ಲೇಖವನ್ನು ತೆಗೆದರು. ಅನೇಕ ನಾಯಿಗಳು ಬದುಕಿದುವು. ಅವುಗಳ ಬರಹದಲ್ಲಿ ಟಿ ಅಲೆಯು ಒಂದು ನಿಯತವಾದ ಕ್ರಮದಲ್ಲಿ ರೂಪ ಬದಲಾಯಿಸುತ್ತ ಹೋಯಿತು. ಎದೆನೋವಿನ ಮನುಷ್ಯನೊಬ್ಬನ ಬರಹದಲ್ಲಿಯೂ ಅಂತಹುದೇ ಬದಲಾವಣೆ ಕಂಡಿತು! 1918ರಲ್ಲಿ ಹೆರಿಕ್ಕರು ಮತ್ತೆ ಅದೇ ಹಿರಿಯರ ಸಭೆಯ ಮುಂದೆ ನಿಂತರು. ಈ ಸಲ ಬಾಯಿಮಾತಿನ ಜೊತೆಗೆ ದೀಪದ ಬೆಳಕಿನಲ್ಲಿ ಆ ಗೆರೆಗಳನ್ನು ಪರದೆಯ ಮೇಲೆ ತೋರಿಸಿದರು. ಆರು ವರ್ಷ ಮಲಗಿದ್ದ ಸಭೆ ಎಚ್ಚರಗೊಂಡಿತು. 1919ರಲ್ಲಿ ಆ ಪ್ರಬಂಧ ಅಚ್ಚಾಯಿತು. 1920ರಲ್ಲಿ ನ್ಯೂಯಾರ್ಕಿನ ಹೆರಾಲ್ಡ್ ಪಾರ್ಡೀ ಎಂಬವರು, ನೋವು ಹತ್ತಿದ ಕೆಲವೇ ಗಂಟೆಗಳೊಳಗೆ ಬರಹದಲ್ಲಿ ಎಸ್ ಮತ್ತು ಟಿಗಳ ನಡುವಣ ಗೆರೆಯು ನೆಲಬಿಟ್ಟು ಮೇಲೇಳುವುದನ್ನು ವರ್ಣಿಸಿದರು. ಅಂದಿನಿಂದ ಹೃದಯಾಘಾತವೆಂಬುದು ಮನೆಮಾತಾಗುತ್ತ ಬಂದಿತು.

ಹೆರಿಕ್ಕರ ಮಾತಿಗೆ ಪೂರ್ಣವಾದ ಸಮರ್ಥನೆ ದೊರೆತುದು ಅವರು 1954ರಲ್ಲಿ ತೀರಿಕೊಂಡು ಎಷ್ಟೋ ಕಾಲವಾದ ಮೇಲೆ. ಹೆಪ್ಪು ಹೃದಯಾಘಾತದ ಕಾರಣವಲ್ಲ, ಅದರ ಪರಿಣಾಮ ಎಂದು ವಾದಿಸುವವರು 1970ರ ದಶಕದಲ್ಲಿಯೂ ಇದ್ದರು. 1980ರಲ್ಲಿ ಅಮೆರಿಕದ ಮಾರ್ಕಸ್ ಡಿವುಡ್ ಮತ್ತು ಸಂಗಡಿಗರು, ನೋವು ಹತ್ತಿದ ನಾಲ್ಕು ಗಂಟೆಗಳೊಳಗೆ ಬಂದ 126 ರೋಗಿಗಳ ಧಮನಿಗಳ ಚಿತ್ರ ತೆಗೆದು, 110 ಮಂದಿಯಲ್ಲಿ ಧಮನಿಯು ಪೂರ್ತಿ ಮುಚ್ಚಿರುವುದನ್ನು ತೋರಿಸಿಕೊಟ್ಟರು. ದಾರಿ ಮುಚ್ಚಿದೆಯೆಂದ ಮೇಲೆ ತೆರೆಯುವುದೇ ಚಿಕಿತ್ಸೆಯಲ್ಲವೆ? ಹೆಪ್ಪನ್ನು ಕರಗಿಸುವ ಚುಚ್ಚುಮದ್ದುಗಳು ಬಳಕೆಗೆ ಬಂದುವು. ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು 1977ರಲ್ಲಿ ಜ್ಯೂರಿಕ್ಕಿನಲ್ಲಿ ಮೊದಲ ಬಾರಿಗೆ ಸಣ್ಣ ಬಲೂನಿನಿಂದ ಕಿರೀಟಧಮನಿಯನ್ನು ಹಿಗ್ಗಿಸಿದ ವಿಧಾನವು ಮುಂದೆ ಹೃದಯಾಘಾತದ ಮುಖ್ಯ ಚಿಕಿತ್ಸೆಯಾಯಿತು. ಹೆರಿಕ್ಕರ ಕಾಲದಲ್ಲಿ ವೈದ್ಯನ ಕೈಯಲ್ಲಿದ್ದುದು ಮಾರ್ಫಿಯಾ ಮತ್ತು ಹಾಸಿಗೆ. ಇಂದು ದಾರಿಯನ್ನೇ ತೆರೆಯಬಹುದು. ಆದರೆ ಒಂದು ನಿಯಮವುಂಟು. ನೀರಿಲ್ಲದ ಪೈರಿನಂತೆ ರಕ್ತವಿಲ್ಲದ ಹೃದಯಸ್ನಾಯುವು ಗಂಟೆಗಂಟೆಗೂ ಒಣಗುತ್ತ ಹೋಗುತ್ತದೆ. ಒಣಗಿದ ಮೇಲೆ ಕಾಲುವೆ ತೆರೆದು ಫಲವಿಲ್ಲ.

ಈ ಕಾರಣದಿಂದ, ಎದೆನೋವೆಂದು ಬಂದವನಿಗೆ ಆಸ್ಪತ್ರೆಯ ಬಾಗಿಲು ದಾಟಿದ ಹತ್ತು ನಿಮಿಷಗಳೊಳಗೆ ಇ.ಸಿ.ಜಿ. ತೆಗೆಯಬೇಕೆಂಬುದು ಇಂದಿನ ವೈದ್ಯರ ನಿಯಮ. 270 ಕಿಲೋ ತೂಗುತ್ತಿದ್ದ ಯಂತ್ರವು ಇಂದು ಕೈಯಲ್ಲಿ ಹಿಡಿದು ಒಯ್ಯುವಷ್ಟು ಹಗುರವಾಗಿದೆ. ಕೈಕಾಲುಗಳಿಗೂ ಎದೆಗೂ ಹತ್ತು ತಂತಿಗಳನ್ನು ಹಚ್ಚಿ, ಹೃದಯವನ್ನು ಹನ್ನೆರಡು ದಿಕ್ಕುಗಳಿಂದ ನೋಡುತ್ತಾರೆ. ಇದರಲ್ಲಿ ನೋವಿಲ್ಲ, ಮೈಗೆ ವಿದ್ಯುತ್ತನ್ನು ಹಾಯಿಸುವುದೂ ಇಲ್ಲ, ಮೈಯಲ್ಲಿರುವುದನ್ನು ಬರೆದುಕೊಳ್ಳುವುದಷ್ಟೇ. ಚೌಕುಳಿಯ ಕಾಗದದ ಮೇಲಿನ ಒಂದೊಂದು ಸಣ್ಣ ಮನೆಯೂ ಒಂದು ಸೆಕೆಂಡಿನ ಇಪ್ಪತ್ತೈದರಲ್ಲೊಂದು ಪಾಲು.

ಆದರೂ ಸಾಕ್ಷಿಗೂ ಮಿತಿಯಿದೆಯೆಂಬುದನ್ನು ಮರೆಯಬಾರದು. ಆ ಕಾಗದವು ಅದನ್ನು ತೆಗೆದ ಗಳಿಗೆಯ ಮಾತನ್ನು ಮಾತ್ರ ಹೇಳುತ್ತದೆ. ಮೊದಲ ಬರಹವು ಸರಿಯಾಗಿ ಕಂಡೂ ಅರ್ಧ ಗಂಟೆಯ ಮೇಲಿನದು ಕೆಟ್ಟಿರಬಹುದು. ಕೆಲವರಲ್ಲಿ ಬರಹ ಕೆಡದೆಯೇ ಹೃದಯ ನೊಂದಿರಬಹುದು. ಆದ್ದರಿಂದಲೇ ವೈದ್ಯರು ಅದನ್ನು ಮತ್ತೆ ಮತ್ತೆ ತೆಗೆಯುತ್ತಾರೆ. ಟ್ರೊಪೋನಿನ್ ಎಂಬ ಅಂಶಕ್ಕಾಗಿ ರಕ್ತವನ್ನು ಪರೀಕ್ಷಿಸುತ್ತಾರೆ. ಹೋದ ವರ್ಷ ತೆಗೆಸಿದ ಇ.ಸಿ.ಜಿ. ಚೆನ್ನಾಗಿತ್ತೆಂದು ಈ ದಿನದ ನೋವನ್ನು ಕಡೆಗಣಿಸುವುದು, ಹೋದ ವರ್ಷದ ಪಂಚಾಂಗದಲ್ಲಿ ಈ ವರ್ಷದ ಹಬ್ಬವನ್ನು ಹುಡುಕಿದಂತೆ.

ನಮ್ಮ ನಾಡಿನ ಸಂಗತಿಯೊಂದನ್ನು ಇಲ್ಲಿ ಸಂತೋಷದಿಂದ ಹೇಳಬೇಕಾಗಿದೆ. 2023ರಲ್ಲಿ ಕರ್ನಾಟಕ ಸರ್ಕಾರವು ನಟ ಪುನೀತ್ ರಾಜ್‌ಕುಮಾರರ ನೆನಪಿಗಾಗಿ ಹೃದಯ ಜ್ಯೋತಿ ಎಂಬ ಯೋಜನೆಯನ್ನು ತೊಡಗಿಸಿತು. ಅವರು 2021ರಲ್ಲಿ, 46ರ ವಯಸ್ಸಿನಲ್ಲಿ, ಹೃದಯಾಘಾತದಿಂದಲೇ ತೀರಿಕೊಂಡವರು. ಈ ಯೋಜನೆಯಂತೆ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯು ಜಯದೇವ ಮೊದಲಾದ ದೊಡ್ಡ ಆಸ್ಪತ್ರೆಗಳ ತಜ್ಞರಿಗೆ ಕೂಡಲೇ ಹೋಗುತ್ತದೆ. ಅವರು ಓದಿ ಹೇಳಿದರೆ, ಹೆಪ್ಪು ಕರಗಿಸುವ ಬೆಲೆಬಾಳುವ ಚುಚ್ಚುಮದ್ದನ್ನು ತಾಲೂಕಿನಲ್ಲಿಯೇ ಧರ್ಮಾರ್ಥವಾಗಿ ಕೊಡುತ್ತಾರೆ. ಲೈಡನ್ನಿನ ಒಂದೂವರೆ ಕಿಲೋಮೀಟರ್ ತಂತಿಯು ನೂರಾರು ಕಿಲೋಮೀಟರ್ ಬೆಳೆದು ನಮ್ಮ ಊರಿನ ಹತ್ತಿರಕ್ಕೇ ಬಂದಂತಾಯಿತು.

ಆದರೆ ಆ ತಂತಿಯ ಈಚೆಯ ತುದಿ ಇರುವುದು ಮನೆಯಲ್ಲಿ. ಎದೆಯ ನಡುವೆ ಭಾರ, ಬಿಗಿತ ಅಥವಾ ಉರಿ. ಅದು ಎಡತೋಳಿಗೋ, ದವಡೆಗೋ, ಬೆನ್ನಿಗೋ, ಹೊಟ್ಟೆಯ ಮೇಲ್ಭಾಗಕ್ಕೋ ಹರಡುವುದು. ತಣ್ಣನೆಯ ಬೆವರು, ಓಕರಿಕೆ, ಉಸಿರುಕಟ್ಟು. ಇವು ಕೆಲವು ನಿಮಿಷಗಳಲ್ಲಿ ಬಿಡದಿದ್ದರೆ ಕಷಾಯಕ್ಕೆ ಒಲೆ ಹಚ್ಚುತ್ತ ಕೂರಬಾರದು. 108ಕ್ಕೆ ಕರೆಮಾಡಿ, ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೊರಡಬೇಕು. ರೋಗಿಯನ್ನು ನಡೆಸಬಾರದು, ಆತನೇ ವಾಹನ ನಡೆಸಿಕೊಂಡು ಹೋಗಲಂತೂ ಕೂಡದು. ಹೆಂಗಸರಲ್ಲಿಯೂ ವೃದ್ಧರಲ್ಲಿಯೂ ಸಿಹಿಮೂತ್ರದವರಲ್ಲಿಯೂ ಎದೆನೋವೇ ಇಲ್ಲದೆ, ಬರಿಯ ಸುಸ್ತು, ಏದುಸಿರು, ಹೊಟ್ಟೆ ತೊಳಸುವಿಕೆಯಾಗಿಯೇ ಈ ರೋಗ ಬರುವುದುಂಟು. ಮನೆಯವರೆಲ್ಲರ ನೋವನ್ನು ವಿಚಾರಿಸುವ ಗೃಹಿಣಿಯು ತನ್ನ ನೋವನ್ನು ಅಡಿಗೆಮನೆಯಲ್ಲಿಯೇ ನುಂಗಿಕೊಳ್ಳುವಳು. ಮನೆಯ ಗಂಡಸರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇವೆ. ಹೋಗಿ ನೋಡಿದ ಮೇಲೆ ಅದು ವಾಯುವೇ ಆಗಿದ್ದರೆ ನಾಚಿಕೆಪಡಬೇಕಾದುದೇನೂ ಇಲ್ಲ.

ನಮ್ಮ ಅತ್ತೆಯವರು ಈಗ ಇಲ್ಲ. ಇದ್ದಿದ್ದರೆ, ಹೆರಿಕ್ಕರ ಆ ರೋಗಿಯ ಕಥೆಯನ್ನು ಅವರ ಮುಂದೆ ಕುಳಿತು ಹೇಳುತ್ತಿದ್ದೆವು. ಆತನೂ ಊಟವಾದ ಮೇಲೆಯೇ ನೋವೆಂದನು, ಆತನೂ ಊಟವನ್ನೇ ದೂರಿದನು. ಆದರೆ ದೋಷವಿದ್ದುದು ಊಟದಲ್ಲಿ ಅಲ್ಲ, ಬಹುಕಾಲದಿಂದ ಒಳಗೊಳಗೇ ಕಿರಿದಾಗುತ್ತ ಬಂದಿದ್ದ ಒಂದು ಸಣ್ಣ ಧಮನಿಯಲ್ಲಿ ಎಂದು ಹೇಳುತ್ತಿದ್ದೆವು. ನಿಮ್ಮ ಹೋಳಿಗೆಯದೇನೂ ತಪ್ಪಿಲ್ಲ, ಅತ್ತೆ, ಎಂದು ಹೇಳುತ್ತಿದ್ದೆವು.